22 ಎಕ್ಸ್‌ಟೆನ್ಶನ್‌ಗಳ ಆಫೀಸಿಗೆ ಯಾವ ಫೋನ್ ವ್ಯವಸ್ಥೆ ಸರಿ? ಹಳೇ ಇಪಿಎಬಿಎಕ್ಸ್ ಬದಲಿಸಬೇಕಿದೆ

ಕಚೇರಿಕಟ್ಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಯಂತ್ರಗಳ ಬಿಡಿಭಾಗಗಳ ಸಗಟು ವ್ಯಾಪಾರ. ಎರಡು ಮಹಡಿಯ ಆಫೀಸು, ಅದರ ಹಿಂದೆ ಸುಮಾರು 140 ಮೀಟರ್ ದೂರದಲ್ಲಿ ಗೋದಾಮು. ಈಗ ಇರುವುದು ಹಳೇ ಅನಲಾಗ್ ಇಪಿಎಬಿಎಕ್ಸ್ (ಹೊರಗಿನ ಲೈನುಗಳನ್ನು ಆಫೀಸಿನ ಫೋನುಗಳಿಗೆ ಹಂಚುವ ಪೆಟ್ಟಿಗೆ): 4 ಲ್ಯಾಂಡ್‌ಲೈನ್, 22 ಎಕ್ಸ್‌ಟೆನ್ಶನ್. ಒಂದು ಕಾರ್ಡ್ ಸುಟ್ಟುಹೋಗಿ 8 ಎಕ್ಸ್‌ಟೆನ್ಶನ್ ಸತ್ತಿವೆ. ಆ ಮಾದರಿಯ ಕಾರ್ಡ್ ಈಗ ಸಿಗುವುದಿಲ್ಲ, ಹಾಗಾಗಿ ಪೂರ್ತಿ ಬದಲಿಸಲೇಬೇಕು.

ಮೂರು ಬಗೆಯ ಕೊಟೇಶನ್ ಬಂದಿವೆ. ಒಂದು, ಕ್ಲೌಡ್ ಪಿಬಿಎಕ್ಸ್ (ಅದೇ ಕೆಲಸವನ್ನು ಹೊರಗಿನ ಕಂಪನಿಯ ಸರ್ವರ್ ಇಂಟರ್ನೆಟ್ ಮೂಲಕ ಮಾಡುವುದು), ಎಕ್ಸ್‌ಟೆನ್ಶನ್ ಒಂದಕ್ಕೆ ಇಷ್ಟು ಅಂತ ತಿಂಗಳ ಬಾಡಿಗೆ. ಎರಡು, ಆಫೀಸಿನಲ್ಲೇ ಇಡುವ ಐಪಿ ಪಿಬಿಎಕ್ಸ್ (ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ಓಡುವಂಥದ್ದು) ಮತ್ತು ಅದಕ್ಕೆ ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೂಲಕ ಬರುವ ಹೊರಗಿನ ಲೈನುಗಳು). ಮೂರು, ಈಗಿನ ವೈರಿಂಗಿಗೇ ಇನ್ನೊಂದು ಅನಲಾಗ್ ಇಪಿಎಬಿಎಕ್ಸ್. ಮೂವರೂ ಅವರದ್ದೇ ಸರಿ ಅನ್ನುತ್ತಾರೆ.

ನಮ್ಮ ಕಡೆಯ ವಿವರ ಹೀಗಿದೆ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ಅತಿ ಗಡಿಬಿಡಿಯ ಹೊತ್ತು. ಆ ಗಂಟೆಯಲ್ಲಿ ಬಂದದ್ದು, ಮಾಡಿದ್ದು ಸೇರಿ 45 ಕರೆ, ಸರಾಸರಿ 4 ನಿಮಿಷ. ‘ನಿಮ್ಮ ಲೈನ್ ಯಾವಾಗ ನೋಡಿದರೂ ಎಂಗೇಜ್’ ಅನ್ನುವುದು ಗಿರಾಕಿಗಳ ದೂರು. ಫೈಬರ್ ಇಂಟರ್ನೆಟ್ ಇದೆ, ಡೌನ್‌ಲೋಡ್ 100, ಅಪ್‌ಲೋಡ್ 20 ಎಂಬಿಪಿಎಸ್. ಮೇಜಿಗೊಂದರಂತೆ ಕ್ಯಾಟ್ 5ಇ ಕೇಬಲ್ ಇದೆ, ಅದು ಕಂಪ್ಯೂಟರಿಗೆ ಹೋಗಿದೆ. ಗೋದಾಮಿಗೆ ನೆಲದಡಿಯಲ್ಲಿ 10 ಜೋಡಿಯ ಹಳೇ ಟೆಲಿಫೋನ್ ಕೇಬಲ್ ಮಾತ್ರ. ಒಂದು ಫ್ಯಾಕ್ಸ್ ಮೆಷಿನ್ ಮತ್ತು ಬೆಂಕಿ ಅಲಾರಂನ ಡಯಲರ್ (ಬೆಂಕಿ ಬಿದ್ದಾಗ ತಾನೇ ಫೋನ್ ಮಾಡುವ ಪೆಟ್ಟಿಗೆ) ಸಹ ಇದೇ ಲೈನುಗಳ ಮೇಲಿವೆ. ಕರೆಂಟ್ ಆಗಾಗ ಹೋಗುತ್ತದೆ, ಒಮ್ಮೊಮ್ಮೆ ಎರಡು ಗಂಟೆಯವರೆಗೂ. ಮುಖ್ಯ ನಂಬರ್ ತುಂಬಾ ಹಳೆಯದು, ಕಳೆದುಕೊಳ್ಳುವ ಹಾಗಿಲ್ಲ.

ಯಾವುದನ್ನು ಆರಿಸಿಕೊಳ್ಳಬೇಕು? ಸಹಿ ಹಾಕುವ ಮೊದಲು ಏನೇನು ಕೇಳಿ ತಿಳಿದುಕೊಳ್ಳಬೇಕು?

ಡಯಲ್‌ಟೋನ್:

ಮೂರು ಕೊಟೇಶನ್‌ಗಳನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಿಮ್ಮ ಗಿರಾಕಿಗಳ ದೂರು ಇಪಿಎಬಿಎಕ್ಸ್ ಬಗ್ಗೆ ಅಲ್ಲ, ಲೈನುಗಳ ಬಗ್ಗೆ. ಅದೇ 4 ಲೈನ್ ಉಳಿಸಿಕೊಂಡು ಎಂಥ ದುಬಾರಿ ಪೆಟ್ಟಿಗೆ ತಂದಿಟ್ಟರೂ ಎಂಗೇಜ್ ಟೋನ್ ಹೋಗುವುದಿಲ್ಲ. ಆದ್ದರಿಂದ ಒಂದೇ ಹೊತ್ತಿಗೆ ಎಷ್ಟು ಕರೆ ನಡೆಯಬೇಕು ಅನ್ನುವುದು ಮೊದಲ ಲೆಕ್ಕ.

ಈ ಲೆಕ್ಕ ನೂರು ವರ್ಷಕ್ಕೂ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಇವತ್ತಿಗೂ ಬಳಸುತ್ತಾರೆ, ‘ಎರ್ಲಾಂಗ್ ಬಿ’ ಅಂತ ಹುಡುಕಿದರೆ ಕ್ಯಾಲ್ಕುಲೇಟರುಗಳು ಸಿಗುತ್ತವೆ. ಗಡಿಬಿಡಿಯ ಗಂಟೆಯ ಕರೆಗಳನ್ನು ಸರಾಸರಿ ನಿಮಿಷದಿಂದ ಗುಣಿಸಿ 60ರಿಂದ ಭಾಗಿಸಿ. ನಿಮ್ಮದು 45 × 4 ÷ 60 = 3 ಎರ್ಲಾಂಗ್. ಅಂದರೆ ಆ ಗಂಟೆಯಲ್ಲಿ ಸರಾಸರಿ ಮೂರು ಲೈನ್ ಸದಾ ಮಾತಿನಲ್ಲಿರುತ್ತವೆ. ‘ಮೂರು ತಾನೇ, ನಾಲ್ಕು ಲೈನ್ ಸಾಕು’ ಅನ್ನಿಸುತ್ತದೆ. ಸಾಲದು, ಯಾಕೆಂದರೆ ಕರೆಗಳು ಸಾಲಾಗಿ ನಿಂತು ಒಂದೊಂದಾಗಿ ಬರುವುದಿಲ್ಲ, ಗುಂಪಾಗಿ ಬಂದು ಬೀಳುತ್ತವೆ. 3 ಎರ್ಲಾಂಗಿಗೆ 4 ಲೈನ್ ಇದ್ದರೆ ನೂರರಲ್ಲಿ ಸುಮಾರು 21 ಕರೆಗೆ ಎಂಗೇಜ್. 5 ಇದ್ದರೆ 11, 6ಕ್ಕೆ 5, 7ಕ್ಕೆ 2, 8 ಲೈನ್ ಆದರೆ ನೂರರಲ್ಲಿ ಒಂದಕ್ಕಿಂತ ಕಡಿಮೆ. ವ್ಯಾಪಾರಕ್ಕೆ ನೂರಕ್ಕೆ ಒಂದು ಅನ್ನುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ.

ಹಾಗಾಗಿ ಮೂರನೇ ಕೊಟೇಶನ್ ಇಲ್ಲಿಗೇ ಬಿದ್ದುಹೋಯಿತು ಅನ್ನುತ್ತೇನೆ. ಅನಲಾಗ್ ಇಪಿಎಬಿಎಕ್ಸಿಗೆ 8 ಲೈನ್ ಬೇಕೆಂದರೆ ಹೊರಗಿನಿಂದ 8 ತಾಮ್ರದ ಜೋಡಿ ಬರಬೇಕು, ಅಷ್ಟೂ ಪೋರ್ಟಿನ ಕಾರ್ಡ್ ಬೇಕು, ಮುಂದೆ ಕಾರ್ಡ್ ಸುಟ್ಟರೆ ಮತ್ತೆ ಇದೇ ಪಾಡು. ಎಸ್‌ಐಪಿ ಟ್ರಂಕಿನಲ್ಲಿ 8 ಚಾನೆಲನ್ನು (ಒಂದು ಚಾನೆಲ್ ಅಂದರೆ ಒಂದು ಹೊತ್ತಿಗೆ ಒಂದು ಕರೆ) 10 ಮಾಡುವುದು ಆಪರೇಟರ್ ಕಡೆ ಒಂದು ಸೆಟ್ಟಿಂಗ್ ಬದಲಿಸುವ ಕೆಲಸ.

ಉಳಿದದ್ದು ಕ್ಲೌಡೋ, ಆಫೀಸಿನ ಒಳಗೋ ಅನ್ನುವ ಪ್ರಶ್ನೆ. ಇದನ್ನು ಸೌಲಭ್ಯಗಳ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಕಾಲ್ ಟ್ರಾನ್ಸ್‌ಫರ್, ಹೋಲ್ಡ್ ಸಂಗೀತ, ರೆಕಾರ್ಡಿಂಗ್, ‘ಮಾರಾಟಕ್ಕೆ 1 ಒತ್ತಿ’ ಎಲ್ಲವೂ ಎರಡರಲ್ಲೂ ಇವೆ. ವ್ಯತ್ಯಾಸ ಕಾಣುವುದು ಏನಾದರೂ ಕೆಟ್ಟಾಗ.

ಇಂಟರ್ನೆಟ್ ಹೋಯಿತು ಅಂದುಕೊಳ್ಳಿ. ಕ್ಲೌಡ್ ಆದರೆ ಮೇಜಿನ ಫೋನ್ ಎಲ್ಲವೂ ಸುಮ್ಮನಾಗುತ್ತವೆ, ಪಕ್ಕದ ಕೋಣೆಗೆ ಮಾಡುವ ಇಂಟರ್‌ಕಾಮ್ ಕರೆಯೂ ಸೇರಿ, ಏಕೆಂದರೆ ಕರೆ ಸೇರಿಸುವ ಸರ್ವರ್ ಹೊರಗಿದೆ. ಆದರೆ ಗಿರಾಕಿಯ ಕರೆ ಸರ್ವರ್ ತನಕ ಬಂದೇ ಬರುತ್ತದೆ. ಎಕ್ಸ್‌ಟೆನ್ಶನ್‌ಗಳು ಕಾಣೆಯಾದದ್ದನ್ನು ಗಮನಿಸಿ ಅದು ಕರೆಯನ್ನು ಮೊಬೈಲಿಗೆ ಕಳಿಸಬಲ್ಲದು. ಪಿಬಿಎಕ್ಸ್ ಒಳಗಿದ್ದರೆ ಇದು ತಿರುಗುಮುರುಗು: ಆಫೀಸಿನೊಳಗೆ, ಗೋದಾಮಿಗೆ ಮಾತು ನಡೆಯುತ್ತಲೇ ಇರುತ್ತದೆ, ಹೊರಗಿನವರಿಗೆ ಮಾತ್ರ ನೀವು ಸಿಗುವುದಿಲ್ಲ. ಆಪರೇಟರ್ ಬಳಿ ‘ಟ್ರಂಕ್ ಸಿಗದಿದ್ದರೆ ಈ ನಂಬರಿಗೆ ಕಳಿಸಿ’ ಅಂತ ಮೊದಲೇ ಬರೆಸಿಟ್ಟಿದ್ದರೆ ಅದೂ ಸರಿಹೋಗುತ್ತದೆ. ಈ ಸೌಲಭ್ಯ ಇಲ್ಲದ ಆಪರೇಟರಿನಿಂದ ಟ್ರಂಕ್ ತೆಗೆದುಕೊಳ್ಳಬೇಡಿ.

ನನ್ನ ಅಭಿಪ್ರಾಯ: ದಿನವಿಡೀ ಆಫೀಸಿನಿಂದ ಗೋದಾಮಿಗೆ ‘ಸ್ಟಾಕ್ ಇದೆಯಾ’ ಅಂತ ಕೇಳುವ ನಿಮ್ಮಂಥ ವ್ಯಾಪಾರಕ್ಕೆ ಒಳಗಿನ ಪಿಬಿಎಕ್ಸ್ ವಾಸಿ. ಆದರೆ ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ಅಪ್‌ಡೇಟ್ ಹಾಕುವುದು, ಬ್ಯಾಕಪ್ ತೆಗೆಯುವುದು, ಹೊಸ ಎಕ್ಸ್‌ಟೆನ್ಶನ್ ಮಾಡುವುದು ಇವಕ್ಕೆ ಯಾರೂ ಇಲ್ಲದಿದ್ದರೆ ಕ್ಲೌಡೇ ಆರಿಸಿ, ಅದಕ್ಕೆ ಎರಡನೇ ಇಂಟರ್ನೆಟ್ ಹಾಕಿಸಿ. ಎರಡನೆಯದು ಬೇರೆ ಕಂಪನಿಯದಾಗಿರಲಿ, ಬೇರೆ ದಾರಿಯಿಂದ ಬರಲಿ. ಎರಡೂ ಫೈಬರ್ ಒಂದೇ ಕಂಬದ ಮೇಲೆ ಬಂದರೆ ಒಟ್ಟಿಗೇ ತುಂಡಾಗುತ್ತವೆ.

ಜಾಲಗಾರ:

ಡಯಲ್‌ಟೋನ್ ಅವರ ಮಾತಿಗೆ ನೆಟ್‌ವರ್ಕ್ ಕಡೆಯದ್ದನ್ನು ಸೇರಿಸುತ್ತೇನೆ. ‘ವಿಒಐಪಿ (ಇಂಟರ್ನೆಟ್ ಮೇಲಿನ ಫೋನ್) ಹಾಕಿದೆವು, ಧ್ವನಿ ಕಡಿದು ಕಡಿದು ಬರುತ್ತದೆ’ ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಪಿಬಿಎಕ್ಸಿನದ್ದಲ್ಲ, ಸ್ವಿಚ್ ಮತ್ತು ರೂಟರಿನದ್ದು.

ಬ್ಯಾಂಡ್‌ವಿಡ್ತ್ ಬಗ್ಗೆ ಹೆದರಬೇಡಿ. ಜಿ.711 ಕೋಡೆಕ್ (ಮಾತನ್ನು ಡಿಜಿಟಲ್ ಆಗಿ ಬದಲಿಸುವ ವಿಧಾನ) ಮಾತಿಗೆ ಬಳಸುವುದು 64 ಕೆಬಿಪಿಎಸ್. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೋಗುತ್ತದೆ, ಪ್ರತಿಯೊಂದಕ್ಕೂ ಹೆಡರ್ ಸೇರಿ ಈಥರ್ನೆಟ್ ಮೇಲೆ ಒಂದು ಕರೆಗೆ ಒಂದು ದಿಕ್ಕಿನಲ್ಲಿ 87 ಕೆಬಿಪಿಎಸ್ ಆಗುತ್ತದೆ. ಹತ್ತು ಕರೆಗೆ ಹೆಚ್ಚುಕಮ್ಮಿ 0.9 ಎಂಬಿಪಿಎಸ್. ನಿಮ್ಮ 20 ಎಂಬಿಪಿಎಸ್ ಅಪ್‌ಲೋಡಿಗೆ ಅದು ಏನೂ ಅಲ್ಲ. ಜಿ.729 ಹಾಕಿದರೆ ಕರೆಗೆ 31 ಕೆಬಿಪಿಎಸ್ ಸಾಕು, ಆದರೆ ಧ್ವನಿ ಸೊರಗುತ್ತದೆ, ಫ್ಯಾಕ್ಸ್ ಓಡುವುದಿಲ್ಲ. ಇಷ್ಟು ಅಪ್‌ಲೋಡ್ ಇರುವಲ್ಲಿ ಅದು ಬೇಡ. ಆಪರೇಟರ್ ಯಾವ ಕೋಡೆಕ್ ಕೊಡುತ್ತಾರೋ ಅದನ್ನೇ ಫೋನಿನಲ್ಲೂ ಮೊದಲನೆಯದಾಗಿ ಇಡಿ. ನಡುವೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ಕೂತರೆ ಪಿಬಿಎಕ್ಸಿನ ಪ್ರೊಸೆಸರ್ ದಣಿಯುತ್ತದೆ, ಧ್ವನಿಯೂ ಕೆಡುತ್ತದೆ.

ನಿಜವಾದ ಶತ್ರು ಅಪ್‌ಲೋಡ್ ಸಾಲು. ಯಾರೋ ದೊಡ್ಡ ಫೈಲ್ ಕಳಿಸುತ್ತಾರೆ, ಇಲ್ಲವೇ ಕ್ಲೌಡ್ ಬ್ಯಾಕಪ್ ಶುರುವಾಗುತ್ತದೆ. ರೂಟರ್ ಆ ಪ್ಯಾಕೆಟ್‌ಗಳನ್ನು ಬಫರಿನಲ್ಲಿ ಪೇರಿಸಿಡುತ್ತದೆ, ಧ್ವನಿಯ ಪ್ಯಾಕೆಟ್ ಅವುಗಳ ಹಿಂದೆ ಕಾಯುತ್ತದೆ. ಸ್ಪೀಡ್ ಟೆಸ್ಟಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಮಾತು ಮಾತ್ರ ಒಡೆಯುತ್ತದೆ. ಪರಿಹಾರ: ರೂಟರಿನಲ್ಲಿ ಅಪ್‌ಲೋಡನ್ನು ನಿಜವಾದ ವೇಗದ 90 ಶೇಕಡಾಕ್ಕೆ, ಅಂದರೆ 18 ಎಂಬಿಪಿಎಸ್‌ಗೆ ಮಿತಿಗೊಳಿಸಿ, ಡಿಎಸ್‌ಸಿಪಿ 46 ಗುರುತಿರುವ (ಅಂದರೆ ಧ್ವನಿಯ) ಪ್ಯಾಕೆಟಿಗೆ ಮೊದಲ ಆದ್ಯತೆ ಕೊಡಿ. ಮಿತಿ ಹಾಕದೆ ಆದ್ಯತೆ ಮಾತ್ರ ಕೊಟ್ಟರೆ ಉಪಯೋಗವಿಲ್ಲ. ಆಗ ಸಾಲು ನಿಮ್ಮ ರೂಟರಿನಲ್ಲಿ ಬೆಳೆಯದೆ ಮುಂದಿನ ಮೋಡೆಮಿನಲ್ಲಿ ಬೆಳೆಯುತ್ತದೆ, ಅಲ್ಲಿ ನಿಮ್ಮ ಆದ್ಯತೆಯನ್ನು ಕೇಳುವವರಿಲ್ಲ.

ಅಳತೆಗೆ ಇಟ್ಟುಕೊಳ್ಳಬೇಕಾದ ಅಂಕಿಗಳು: ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ, ಜಿಟರ್ (ಆ ವಿಳಂಬದ ಏರಿಳಿತ) 30ರೊಳಗೆ, ಪ್ಯಾಕೆಟ್ ನಷ್ಟ ನೂರಕ್ಕೆ ಒಂದರೊಳಗೆ. ಖಾಲಿ ಇರುವಾಗ ಅಳೆದರೆ ಸುಳ್ಳು ಧೈರ್ಯ ಬರುತ್ತದೆ. ಗಡಿಬಿಡಿಯ ಗಂಟೆಯಲ್ಲಿ, ದೊಡ್ಡ ಫೈಲ್ ಅಪ್‌ಲೋಡ್ ಹಾಕಿಕೊಂಡು ಅಳೆಯಿರಿ.

ಮೇಜಿಗೆ ಒಂದೇ ಕೇಬಲ್ ಇದ್ದರೂ ಸಾಕು. ಐಪಿ ಫೋನಿನ ಹಿಂದೆ ಎರಡು ಪೋರ್ಟ್ ಇರುತ್ತವೆ, ಗೋಡೆಯಿಂದ ಫೋನಿಗೆ, ಫೋನಿನಿಂದ ಕಂಪ್ಯೂಟರಿಗೆ. ಇಲ್ಲಿ ಒಂದು ಕಡೆ ಕಣ್ಣಿಡಿ. ಅಗ್ಗದ ಮಾದರಿಗಳಲ್ಲಿ ಆ ಪೋರ್ಟ್ 100 ಎಂಬಿಪಿಎಸ್ ಮಾತ್ರ. ಹಾಕಿದ ಮರುದಿನದಿಂದಲೇ ‘ಸರ್ವರಿನಿಂದ ಫೈಲ್ ನಿಧಾನ’ ಅಂತ ದೂರು ಬರುತ್ತದೆ, ಫೋನೇ ಕಾರಣ ಅಂತ ಯಾರಿಗೂ ಹೊಳೆಯುವುದಿಲ್ಲ. ಗಿಗಾಬಿಟ್ ಪೋರ್ಟಿನ ಮಾದರಿಯನ್ನೇ ಕೇಳಿ. ಫೋನ್‌ಗಳನ್ನು ಬೇರೆ ವಿಲ್ಯಾನಿನಲ್ಲಿ (ಅದೇ ಕೇಬಲ್ಲಿನ ಮೇಲೆ ಬೇರ್ಪಡಿಸಿದ ನೆಟ್‌ವರ್ಕಿನಲ್ಲಿ) ಇಡಿ. ಸ್ವಿಚ್ ಮತ್ತು ಫೋನ್ ಎರಡರಲ್ಲೂ ಎಲ್‌ಎಲ್‌ಡಿಪಿ-ಮೆಡ್ ಇದ್ದರೆ ಫೋನ್ ತಾನಾಗಿಯೇ ಆ ವಿಲ್ಯಾನ್ ಸೇರುತ್ತದೆ. ಡಿಎಚ್‌ಸಿಪಿ (ನೆಟ್‌ವರ್ಕಿನಲ್ಲಿ ವಿಳಾಸ ಹಂಚುವ ಸೇವೆ) ಆಪ್ಶನ್ 66ರಲ್ಲಿ ಪಿಬಿಎಕ್ಸಿನ ವಿಳಾಸ ಕೊಟ್ಟರೆ ಸೆಟ್ಟಿಂಗನ್ನೂ ಎಳೆದುಕೊಳ್ಳುತ್ತದೆ. ಒಂದೊಂದೇ ಫೋನಿಗೆ ಕೈಯಲ್ಲಿ ಸೆಟ್ಟಿಂಗ್ ತುಂಬಿಸುವ ಇನ್‌ಸ್ಟಾಲರ್ ಬಂದರೆ ಅನುಮಾನ ಪಡಿ. ಮುಂದೆ ಒಂದು ಬದಲಾವಣೆಗೆ 22 ಮೇಜು ಸುತ್ತಬೇಕಾಗುತ್ತದೆ.

ಕರೆಂಟಿನ ವಿಷಯ. ಅನಲಾಗ್ ಫೋನಿಗೆ ಲೈನಿನಿಂದಲೇ ಶಕ್ತಿ ಬರುತ್ತಿತ್ತು, ಐಪಿ ಫೋನಿಗೆ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವಂಥದ್ದು) ಕೊಡಬೇಕು. 802.3ಎಎಫ್ ಮಾನದಂಡದ ಸ್ವಿಚ್ ಒಂದು ಪೋರ್ಟಿಗೆ 15.4 ವ್ಯಾಟ್ ತನಕ ಕೊಡುತ್ತದೆ, ಸಾಮಾನ್ಯ ಫೋನ್ ನುಂಗುವುದು 3ರಿಂದ 6 ವ್ಯಾಟ್. 24 ಪೋರ್ಟ್ ಇದೆ ಅಂದ ಮಾತ್ರಕ್ಕೆ 24ಕ್ಕೂ ಶಕ್ತಿ ಇದೆ ಅಂತಲ್ಲ, ಒಟ್ಟು ವ್ಯಾಟ್ ಎಷ್ಟು ಅಂತ ಕೇಳಿ. ಫೋನ್ ತನಗೆ ಎಷ್ಟು ವ್ಯಾಟ್ ಬೇಕು ಅನ್ನುವ ವರ್ಗ ಹೇಳದಿದ್ದರೆ ಕೆಲವು ಸ್ವಿಚ್‌ಗಳು ಪೂರ್ತಿ 15.4 ಅನ್ನೇ ಕಾದಿರಿಸಿಬಿಡುತ್ತವೆ. ಆಗ ಕಡೆಯ ಕೆಲವು ಫೋನ್‌ಗಳು ಹೊತ್ತಿಕೊಳ್ಳುವುದೇ ಇಲ್ಲ.

ಯುಪಿಎಸ್ ಲೆಕ್ಕ ಹೀಗೆ ಹಾಕಿ: 22 ಫೋನಿಗೆ 110 ವ್ಯಾಟ್, ಸ್ವಿಚ್ಚಿಗೆ 30, ರೂಟರ್, ಫೈಬರ್ ಪೆಟ್ಟಿಗೆ, ಪಿಬಿಎಕ್ಸ್ ಸೇರಿ 30, ಒಟ್ಟು 170. ಎರಡು ಗಂಟೆಗೆ 340 ವ್ಯಾಟ್-ಗಂಟೆ, ಪರಿವರ್ತನೆಯ ನಷ್ಟ ಹಿಡಿದು 430 ಅನ್ನಿ. 12 ವೋಲ್ಟ್, 65 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 780 ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಬಹಳ ಕೆಳಗೆ ಇಳಿಸಬಾರದು, ಹಾಗಾಗಿ ಇದಕ್ಕಿಂತ ಚಿಕ್ಕದು ಬೇಡ. ಮೇಜಿನಡಿ ಇಡುವ ಸಣ್ಣ ಯುಪಿಎಸ್ ಇಷ್ಟು ಹೊತ್ತು ನಿಲ್ಲುವುದಿಲ್ಲ.

ತಾಮ್ರತಂತಿ:

ಡಯಲ್‌ಟೋನ್ ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಕಚೇರಿಕಟ್ಟೆಯವರು ಎಣಿಸಿದ 45 ಕರೆ ಸಿಕ್ಕ ಕರೆಗಳು. ಎಂಗೇಜ್ ಕೇಳಿ ಹಿಂದೆ ಹೋದವರು ಅದರಲ್ಲಿಲ್ಲ. 4 ಲೈನಿನ ಮೇಲೆ 3 ಎರ್ಲಾಂಗ್ ಮಾತು ನಿಜವಾಗಿ ನಡೆದಿದೆ ಅಂದರೆ ಪ್ರತಿ ಲೈನೂ ಆ ಗಂಟೆಯಲ್ಲಿ 45 ನಿಮಿಷ ತುಂಬಿತ್ತು. ಅದೇ ಸೂತ್ರವನ್ನು ಹಿಂದಿನಿಂದ ಬಿಡಿಸಿದರೆ ಬಾಗಿಲಿಗೆ ಬಂದ ಕರೆಗಳ ಭಾರ ಸುಮಾರು 5 ಎರ್ಲಾಂಗ್, ಎಂಗೇಜ್ ಆದದ್ದು ನೂರಕ್ಕೆ 40. ಒಬ್ಬರೇ ಮೂರು ಸಲ ಪ್ರಯತ್ನಿಸಿದ್ದೂ ಇದರಲ್ಲಿ ಸೇರಿರುವುದರಿಂದ ನಿಜ 3 ಮತ್ತು 5ರ ನಡುವೆ ಎಲ್ಲೋ ಇದೆ. 5 ಅಂತಲೇ ಹಿಡಿದರೂ 10 ಚಾನೆಲ್ ಇದ್ದರೆ ನೂರಕ್ಕೆ ಎರಡರೊಳಗೆ ಬರುತ್ತದೆ. ಆದ್ದರಿಂದ 8 ಅಲ್ಲ, 10ರಿಂದ ಶುರುಮಾಡಿ. ಚಾನೆಲ್ ತುಂಬಿದಾಗ ಕರೆಯನ್ನು ಆಪರೇಟರೇ ತಿರಸ್ಕರಿಸುತ್ತಾರೆ, ಅದು ನಿಮ್ಮ ಪಿಬಿಎಕ್ಸಿನ ದಾಖಲೆಗೆ ಬರುವುದೇ ಇಲ್ಲ. ತಿಂಗಳ ಕೊನೆಗೆ ‘ಚಾನೆಲ್ ಇಲ್ಲದೆ ಬಿಟ್ಟ ಕರೆ ಎಷ್ಟು’ ಅನ್ನುವ ವರದಿ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಇನ್ನು ಗೋದಾಮು. 140 ಮೀಟರಿಗೆ ಈಥರ್ನೆಟ್ ತಾಮ್ರ ಎಳೆಯಬೇಡಿ, ಅದರ ಮಿತಿ 100 ಮೀಟರ್. ‘ಓಡುತ್ತೆ ಬಿಡಿ’ ಅನ್ನುವವರು ಇರುತ್ತಾರೆ, ಓಡಿದರೂ ಮಳೆಗಾಲದಲ್ಲಿ ನಿಲ್ಲುತ್ತದೆ. ದಾರಿ ಎರಡು. ಅಲ್ಲಿ ಕಂಪ್ಯೂಟರ್, ಕ್ಯಾಮೆರಾ ಕೂಡ ಬೇಕಿದ್ದರೆ ಸಿಂಗಲ್ ಮೋಡ್ ಫೈಬರ್ ಎಳೆದು ಅಲ್ಲೊಂದು ಸಣ್ಣ ಪಿಒಇ ಸ್ವಿಚ್ ಇಡಿ. ಎರಡು ಕಟ್ಟಡಗಳ ನಡುವೆ ಫೈಬರ್ ಇದ್ದರೆ ಸಿಡಿಲಿನ ವಿದ್ಯುತ್ ಅದರ ಮೂಲಕ ದಾಟಿ ಬರುವುದಿಲ್ಲ, ಇದು ದೊಡ್ಡ ಲಾಭ. ಬರೀ ಫೋನ್ ಸಾಕು ಅಂದರೆ ಈಗಿರುವ 10 ಜೋಡಿ ಕೇಬಲ್ಲೇ ಸಾಕು. ಆಫೀಸಿನ ಕಡೆ 4 ಅಥವಾ 8 ಪೋರ್ಟಿನ ಎಫ್‌ಎಕ್ಸ್‌ಎಸ್ ಗೇಟ್‌ವೇ (ಅನಲಾಗ್ ಫೋನನ್ನು ಐಪಿ ಪಿಬಿಎಕ್ಸಿಗೆ ಜೋಡಿಸುವ ಪೆಟ್ಟಿಗೆ) ಇಟ್ಟು, ಅದರಿಂದ ಹಳೇ ಜೋಡಿಗಳಿಗೆ ಕೊಡಿ. ಗೋದಾಮಿನ ಹಳೇ ಅನಲಾಗ್ ಫೋನ್‌ಗಳೇ ಹೊಸ ಪಿಬಿಎಕ್ಸಿನ ಎಕ್ಸ್‌ಟೆನ್ಶನ್ ಆಗುತ್ತವೆ. ಕೇಬಲ್ಲಿನ ಎರಡೂ ತುದಿಗೆ ಅನಿಲ ನಳಿಕೆಯ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವಂಥದ್ದು) ಹಾಕಿ ಸರಿಯಾಗಿ ಅರ್ಥ್ ಮಾಡಿಸಿ. ನಿಮ್ಮ ಹಳೇ ಕಾರ್ಡ್ ಸುಟ್ಟದ್ದು ಈ ಕೇಬಲ್ಲಿನ ಪೋರ್ಟುಗಳಿದ್ದ ಕಾರ್ಡೇ ಆಗಿದ್ದರೆ ಅಲ್ಲಿ ಪ್ರೊಟೆಕ್ಟರ್ ಇದೆಯಾ ಅಂತ ಇವತ್ತೇ ನೋಡಿ.

ಓಡಾಡುತ್ತಾ ಮಾತಾಡಬೇಕಿದ್ದರೆ ಅದೇ ಜೋಡಿಗೆ ಸಾಮಾನ್ಯ ಡೆಕ್ಟ್ ಕಾರ್ಡ್‌ಲೆಸ್ ಹಾಕಬಹುದು. ಡೆಕ್ಟ್ ಬಯಲಿನಲ್ಲಿ 300 ಮೀಟರ್, ಒಳಾಂಗಣದಲ್ಲಿ 50 ಮೀಟರ್ ಅನ್ನುತ್ತಾರೆ. ಕಬ್ಬಿಣದ ರ್‍ಯಾಕುಗಳ ನಡುವೆ ಅಷ್ಟೂ ಸಿಗುವುದಿಲ್ಲ, ಬೇಸ್ ಅನ್ನು ರ್‍ಯಾಕಿಗಿಂತ ಎತ್ತರದಲ್ಲಿ ಗೋಡೆಗೆ ಹಾಕಿ.

ಬೆಂಕಿ ಅಲಾರಂನ ಡಯಲರ್ ವಿಷಯದಲ್ಲಿ ಹಟ ಹಿಡಿಯಿರಿ. ಅದು ಟೋನುಗಳ ಮೂಲಕ ಸಂದೇಶ ಕಳಿಸುತ್ತದೆ. ಧ್ವನಿ ಪ್ಯಾಕೆಟುಗಳಾಗಿ ಹೋಗುವಾಗ ಆ ಟೋನ್ ತಿರುಚಿಕೊಳ್ಳಬಹುದು, ಇಂಟರ್ನೆಟ್ ಸತ್ತಾಗಲಂತೂ ಹೋಗುವುದೇ ಇಲ್ಲ. ಒಂದು ಹಳೇ ಲ್ಯಾಂಡ್‌ಲೈನನ್ನು ಅದಕ್ಕಾಗಿಯೇ ಉಳಿಸಿಕೊಳ್ಳಿ, ಅದು ಪಿಬಿಎಕ್ಸನ್ನು ಹಾಯದೆ ನೇರ ಅಲಾರಂ ಪೆಟ್ಟಿಗೆಗೆ ಹೋಗಲಿ. ಆಗದಿದ್ದರೆ ಸಿಮ್ ಹಾಕುವ ಡಯಲರಿಗೆ ಬದಲಿಸಿ. ಫ್ಯಾಕ್ಸ್ ಕೂಡ ಆ ಲೈನನ್ನು ಹಂಚಿಕೊಳ್ಳಬಹುದು, ಆದರೆ ಅಲಾರಂ ಪೆಟ್ಟಿಗೆ ಮೊದಲು ಬರಬೇಕು, ಫ್ಯಾಕ್ಸ್ ಅದರ ಹಿಂದೆ. ಹಾಗಿದ್ದಾಗ ಮಾತ್ರ ಬೆಂಕಿಯ ಹೊತ್ತಿಗೆ ಅಲಾರಂ ಫ್ಯಾಕ್ಸನ್ನು ಕಡಿದು ಲೈನ್ ಕಿತ್ತುಕೊಳ್ಳುತ್ತದೆ.

ಕಚೇರಿಕಟ್ಟೆ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಸುಟ್ಟ ಕಾರ್ಡಿನ 8ರಲ್ಲಿ 5 ಗೋದಾಮಿನವೇ. ಪ್ರೊಟೆಕ್ಟರ್ ಕಾಣುತ್ತಿಲ್ಲ, ಹಾಕಿಸುತ್ತೇವೆ. ಒಳಗಿನ ಪಿಬಿಎಕ್ಸ್ ಕಡೆಗೇ ಒಲವು, ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬರು ಇದ್ದಾರೆ.

ಇನ್ನೆರಡು ಪ್ರಶ್ನೆ. ಮಾರಾಟದ 6 ಜನ ಹೊರಗೇ ಇರುತ್ತಾರೆ. ಅವರಿಗೆ ಮೊಬೈಲ್ ಆ್ಯಪ್ ಹಾಕುವುದು ಒಳ್ಳೆಯದೋ, ಅವರ ಮೊಬೈಲ್ ನಂಬರಿಗೆ ಫಾರ್ವರ್ಡ್ ಮಾಡುವುದೋ? ಮತ್ತೆ, ‘ಹ್ಯಾಕ್ ಆಗಿ ರಾತ್ರೋರಾತ್ರಿ ವಿದೇಶಕ್ಕೆ ಕರೆ ಹೋಗುತ್ತದೆ’ ಅನ್ನುತ್ತಾರಲ್ಲ, ಅದು ಎಷ್ಟು ನಿಜ?

ಎಕ್ಸ್‌ಟೆನ್ಶನ್101:

ಎರಡನೆಯದಕ್ಕೆ ಮೊದಲು ಉತ್ತರ, ಏಕೆಂದರೆ ಅದು ಪೂರ್ತಿ ನಿಜ. ಇಂಟರ್ನೆಟ್ಟಿಗೆ 5060 ಪೋರ್ಟ್ (ಎಸ್‌ಐಪಿ ಕರೆಗಳು ಬರುವ ಬಾಗಿಲು) ತೆರೆದಿಟ್ಟ ಪಿಬಿಎಕ್ಸನ್ನು ಸ್ವಯಂಚಾಲಿತ ಸ್ಕ್ಯಾನರುಗಳು ಬಹಳ ಬೇಗ ಹುಡುಕುತ್ತವೆ. 101, 102 ಅಂತ ಎಕ್ಸ್‌ಟೆನ್ಶನ್ ಊಹಿಸಿ, ಪಾಸ್‌ವರ್ಡೂ 101 ಇದೆಯಾ ಅಂತ ನೋಡುತ್ತವೆ. ಸಿಕ್ಕಿತು ಅಂದರೆ ರಜೆಯ ರಾತ್ರಿ ದುಬಾರಿ ವಿದೇಶಿ ನಂಬರುಗಳಿಗೆ ಸಾಲುಸಾಲು ಕರೆ ಹೋಗುತ್ತದೆ, ಬಿಲ್ ನಿಮ್ಮ ಹೆಸರಿಗೆ ಬರುತ್ತದೆ.

ತಡೆಯುವುದು ಕಷ್ಟವಲ್ಲ, ಆದರೆ ಪ್ರತಿಯೊಂದನ್ನೂ ಮಾಡಿಸಬೇಕು. ಫೈರ್‌ವಾಲಿನಲ್ಲಿ ಎಸ್‌ಐಪಿ ಪೋರ್ಟ್ ಆಪರೇಟರಿನ ಐಪಿ ವಿಳಾಸಕ್ಕೆ ಮಾತ್ರ ತೆರೆದಿರಲಿ. ಎಕ್ಸ್‌ಟೆನ್ಶನ್ ಪಾಸ್‌ವರ್ಡ್ 16 ಅಕ್ಷರಕ್ಕೆ ಕಡಿಮೆ ಇಲ್ಲದಂತೆ ಯಂತ್ರವೇ ಹುಟ್ಟಿಸಿದ್ದಿರಲಿ, ಹೇಗೂ ಅದನ್ನು ಯಾರೂ ಕೈಯಲ್ಲಿ ಹೊಡೆಯುವುದಿಲ್ಲ. ವಿದೇಶಿ ಕರೆಯನ್ನು ಪಿಬಿಎಕ್ಸಿನಲ್ಲಿ ಮುಚ್ಚಿ, ಆಪರೇಟರ್ ಕಡೆಯೂ ಮುಚ್ಚಿಸಿ, ದಿನದ ಖರ್ಚಿಗೆ ಮಿತಿ ಹಾಕಿಸಿ. ಪಿಬಿಎಕ್ಸಿನ ವೆಬ್ ಪುಟ ಹೊರಗಿನಿಂದ ತೆರೆಯಲೇಬಾರದು. ಹೊರಗಿನಿಂದ ಕರೆ ಮಾಡಿ ಪಿನ್ ಒತ್ತಿ ಆಫೀಸಿನ ಲೈನಿನಿಂದ ಇನ್ನೊಂದು ಕರೆ ಮಾಡುವ ‘ಡೀಸಾ’ ಸೌಲಭ್ಯ ಇದ್ದರೆ ಆಫ್ ಮಾಡಿಬಿಡಿ. ಆಸ್ಟರಿಸ್ಕ್ ಅನ್ನುವ ತಂತ್ರಾಂಶದ ಮೇಲೆ ಕಟ್ಟಿದ ಪಿಬಿಎಕ್ಸ್ ಆದರೆ, ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಕೊಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಕೂಡ ಇರಲಿ. ಆದರೆ ಅದು ಕೊನೆಯ ಬೇಲಿ, ಫೈರ್‌ವಾಲಿಗೆ ಬದಲಿ ಅಲ್ಲ.

ಹೊರಗಿನ 6 ಜನ. ಫಾರ್ವರ್ಡ್ ಮಾಡಿದರೆ ಒಂದು ಕರೆ ಎರಡು ಚಾನೆಲ್ ತಿನ್ನುತ್ತದೆ: ಗಿರಾಕಿ ಒಳಗೆ ಬಂದದ್ದು ಒಂದು, ಮೊಬೈಲಿಗೆ ಹೊರಟದ್ದು ಇನ್ನೊಂದು. ಆರರಲ್ಲಿ ಮೂವರು ಒಟ್ಟಿಗೆ ಮಾತಿನಲ್ಲಿದ್ದರೆ ನಿಮ್ಮ ಹತ್ತರಲ್ಲಿ ಆರು ಅವರಿಗೇ ಹೋಯಿತು. ಆ್ಯಪಿನಲ್ಲಿ ಈ ತೊಂದರೆ ಇಲ್ಲ, ಅವರೂ ಒಳಗಿನ ಎಕ್ಸ್‌ಟೆನ್ಶನ್ನೇ ಆಗುತ್ತಾರೆ. ಜೊತೆಗೆ ಅವರು ಮಾಡಿದ ಕರೆಯಲ್ಲಿ ಗಿರಾಕಿಗೆ ಆಫೀಸಿನ ನಂಬರೇ ಕಾಣುತ್ತದೆ.

ಆ್ಯಪಿನ ತೊಂದರೆ ಬೇರೆ. ಮೊಬೈಲ್ ಬ್ಯಾಟರಿ ಉಳಿಸಲೆಂದು ಆ್ಯಪನ್ನು ಮಲಗಿಸುತ್ತದೆ, ಕರೆ ಬಂದದ್ದೇ ತಿಳಿಯುವುದಿಲ್ಲ. ಪುಶ್ ನೋಟಿಫಿಕೇಶನ್ ಮೂಲಕ ಎಬ್ಬಿಸುವ ಆ್ಯಪ್ ಮಾತ್ರ ತೆಗೆದುಕೊಳ್ಳಿ, ಫೋನಿನ ಸೆಟ್ಟಿಂಗಿನಲ್ಲಿ ಅದಕ್ಕೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಕೋಡೆಕ್ ಓಪಸ್ ಇರಲಿ, ಮೊಬೈಲ್ ಡೇಟಾದಲ್ಲಿ ಪ್ಯಾಕೆಟ್ ಕಳೆದುಹೋದರೂ ಅದು ತಾಳಿಕೊಳ್ಳುತ್ತದೆ. ಸಂಪರ್ಕ ವಿಪಿಎನ್ ಮೂಲಕ ಅಥವಾ ಟಿಎಲ್‌ಎಸ್ ಮತ್ತು ಎಸ್‌ಆರ್‌ಟಿಪಿ (ಕರೆಯನ್ನೂ ಮಾತನ್ನೂ ಗೂಢಲಿಪಿಯಲ್ಲಿ ಕಳಿಸುವ ವಿಧಾನಗಳು) ಮೂಲಕ ಇರಲಿ.

ಆ್ಯಪ್ 20 ಸೆಕೆಂಡ್ ಎತ್ತದಿದ್ದರೆ ಮೊಬೈಲ್ ನಂಬರಿಗೆ ಹೋಗಲಿ ಅಂತ ಎರಡನ್ನೂ ಜೋಡಿಸಬಹುದು. ಆಗ ಒಂದು ಬಲೆ ಇದೆ. ಮೊಬೈಲ್ ಸ್ವಿಚ್ ಆಫ್ ಇದ್ದರೆ ಅವರ ಮೊಬೈಲ್ ಕಂಪನಿಯ ವಾಯ್ಸ್‌ಮೇಲ್ ಎತ್ತುತ್ತದೆ. ‘ಯಾರೋ ಎತ್ತಿದರು’ ಅಂದುಕೊಂಡು ಪಿಬಿಎಕ್ಸ್ ಉಳಿದವರಿಗೆ ರಿಂಗ್ ಮಾಡುವುದನ್ನು ನಿಲ್ಲಿಸುತ್ತದೆ, ಗಿರಾಕಿ ಅಲ್ಲೇ ಕಳೆದುಹೋಗುತ್ತಾರೆ. ‘ಕರೆ ಸ್ವೀಕರಿಸಲು 1 ಒತ್ತಿ’ ಅಂತ ಮೊಬೈಲಿನವರನ್ನು ಕೇಳುವ ದೃಢೀಕರಣ ಸೌಲಭ್ಯ ಹೆಚ್ಚಿನ ಪಿಬಿಎಕ್ಸ್‌ಗಳಲ್ಲಿದೆ. ಅದನ್ನು ಆನ್ ಮಾಡಿ.

ಕೇಳದಿದ್ದರೂ ಹೇಳುತ್ತೇನೆ, ಕರೆ ಮಾಡಿದವರಿಗೆ ಮೊದಲು ಕೇಳಿಸುವ ಸ್ವಾಗತ ಸಂದೇಶವನ್ನು 15 ಸೆಕೆಂಡಿನೊಳಗೆ ಮುಗಿಸಿ. ನಾಲ್ಕಕ್ಕಿಂತ ಹೆಚ್ಚು ಆಯ್ಕೆ ಬೇಡ, ಒಂದರ ಒಳಗೆ ಇನ್ನೊಂದು ಮೆನು ಬೇಡವೇ ಬೇಡ. ಏನೂ ಒತ್ತದೆ ಸುಮ್ಮನಿದ್ದವರ ಕರೆ ರಿಸೆಪ್ಷನ್ನಿಗೆ ಹೋಗಲಿ, ಕಟ್ ಆಗಬಾರದು. ಒತ್ತಿದ ಅಂಕಿ ಪಿಬಿಎಕ್ಸಿಗೆ ಕೇಳಿಸುತ್ತಿಲ್ಲ ಅಂದರೆ ಡಿಟಿಎಂಎಫ್ (ಅಂಕಿ ಒತ್ತಿದಾಗಿನ ಟೋನ್) ಸೆಟ್ಟಿಂಗ್ ಎರಡು ಕಡೆ ಬೇರೆ ಬೇರೆ ಇದೆ ಅಂತ ಅರ್ಥ. ಆಪರೇಟರ್ ಮತ್ತು ಪಿಬಿಎಕ್ಸ್ ಎರಡರಲ್ಲೂ ಆರ್‌ಎಫ್‌ಸಿ 4733 ಇಡಿ (ಕೆಲವು ಮೆನುಗಳಲ್ಲಿ ಹಳೆಯ ಹೆಸರು 2833 ಅಂತಲೇ ಇರುತ್ತದೆ).

ಜಾಲಗಾರ:

ಹಾಕಿದ ಮೊದಲ ವಾರ ಬರುವ ತೊಂದರೆಗಳನ್ನು ಇಲ್ಲೇ ಬರೆದಿಡುತ್ತೇನೆ. ಇನ್‌ಸ್ಟಾಲರ್ ಮತ್ತು ಆಪರೇಟರ್ ಒಬ್ಬರ ಮೇಲೊಬ್ಬರು ಹೇಳುವಾಗ ಬೇಕಾಗುತ್ತದೆ.

ಮಾತು ಒಂದೇ ಕಡೆ ಕೇಳಿಸಿದರೆ, ಪಿಬಿಎಕ್ಸ್ ತನ್ನ ಒಳಗಿನ ವಿಳಾಸವನ್ನು ಹೊರಗೆ ಹೇಳುತ್ತಿದೆ, ಇಲ್ಲವೇ ಮಾತು ಹಾದುಹೋಗುವ ಆರ್‌ಟಿಪಿ ಪೋರ್ಟುಗಳು ಮುಚ್ಚಿವೆ. ಆಸ್ಟರಿಸ್ಕಿನಲ್ಲಿ ಅವು ಸಾಮಾನ್ಯವಾಗಿ 10000ದಿಂದ 20000. ಬಂದ ಕರೆ ಪ್ರತಿ ಸಲವೂ ಸರಿಯಾಗಿ 32 ಸೆಕೆಂಡಿಗೆ ಕಟ್ ಆದರೆ, ನೀವು ಎತ್ತಿದ್ದೀರಿ ಅನ್ನುವ ಸಂದೇಶಕ್ಕೆ ಆ ಕಡೆಯ ಒಪ್ಪಿಗೆ ವಾಪಸ್ ತಲುಪುತ್ತಿಲ್ಲ. ಅಷ್ಟು ಹೊತ್ತು ಕಾದು ಬಿಟ್ಟುಬಿಡಬೇಕು ಅಂತ ಎಸ್‌ಐಪಿ ನಿಯಮದಲ್ಲೇ ಇದೆ. 15 ನಿಮಿಷಕ್ಕೆ ಕಟ್ ಆದರೆ ಸೆಷನ್ ಟೈಮರ್: 1800 ಸೆಕೆಂಡಿನ ಅರ್ಧಕ್ಕೆ ಹೋಗುವ ನವೀಕರಣ ಸಂದೇಶ ಎಲ್ಲೋ ಸಿಕ್ಕಿಬೀಳುತ್ತಿದೆ. ಈ ಎಲ್ಲದಕ್ಕೂ ಮೊದಲು ಮಾಡಬೇಕಾದದ್ದು ಒಂದೇ, ರೂಟರಿನಲ್ಲಿ ‘ಎಸ್‌ಐಪಿ ಎಎಲ್‌ಜಿ’ ಆಫ್ ಮಾಡುವುದು. ನೆರವಾಗಲೆಂದು ಇಟ್ಟ ಸೌಲಭ್ಯ ಅದು, ಆದರೆ ಸಂದೇಶದೊಳಗಿನ ವಿಳಾಸಗಳನ್ನು ತಪ್ಪಾಗಿ ತಿದ್ದುತ್ತದೆ. ಫೈಬರ್ ಪೆಟ್ಟಿಗೆಯೂ ರೂಟರ್ ಆಗಿ ಕೆಲಸ ಮಾಡುತ್ತಿದ್ದರೆ ಅದನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವಂತೆ) ಹಾಕಿಸಿ.

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಹೊರಗಿನ ಕರೆ ಬರುವುದಿಲ್ಲ, ನೀವು ಒಂದು ಕರೆ ಮಾಡಿದೊಡನೆ ಸರಿಯಾಗುತ್ತದೆ ಅಂದರೆ ಕರೆ ಒಳಗೆ ಬರುವ ಯುಡಿಪಿ ದಾರಿಯನ್ನು ರೂಟರ್ ಮರೆಯುತ್ತಿದೆ. ಟ್ರಂಕಿನಲ್ಲಿ 25–30 ಸೆಕೆಂಡಿಗೊಮ್ಮೆ ಕೀಪ್-ಅಲೈವ್ (ದಾರಿ ತೆರೆದಿಡುವ ಸಣ್ಣ ಸಂದೇಶ) ಹಾಕಿ.

ಡಯಲ್‌ಟೋನ್:

ತಾಮ್ರತಂತಿಯವರ ತಿದ್ದುಪಡಿ ಸರಿ, 10 ಚಾನೆಲ್ ಅಂತಲೇ ಇಟ್ಟುಕೊಳ್ಳಿ. ಮೊಬೈಲಿಗೆ ಫಾರ್ವರ್ಡ್ ಇರುತ್ತದೆ ಅಂದರೆ 12.

ಸಹಿ ಹಾಕುವ ಮೊದಲು ಬರಹದಲ್ಲಿ ಪಡೆಯಬೇಕಾದದ್ದು: ಪಿಬಿಎಕ್ಸಿನ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಗೆ ಕೊಡುತ್ತಾರೆ. ಲೈಸೆನ್ಸ್ ಎಕ್ಸ್‌ಟೆನ್ಶನ್ ಲೆಕ್ಕವೋ, ಒಟ್ಟಿಗೆ ನಡೆಯುವ ಕರೆಗಳ ಲೆಕ್ಕವೋ, ವರ್ಷ ವರ್ಷ ನವೀಕರಿಸದಿದ್ದರೆ ಏನು ನಿಲ್ಲುತ್ತದೆ. ಫೋನ್‌ಗಳಿಗೆ ಯಾರದೇ ಬೀಗ ಇರುವುದಿಲ್ಲ, ಬೇರೆ ಪಿಬಿಎಕ್ಸಿಗೂ ಹೊಂದುತ್ತವೆ. ನಂಬರನ್ನು ಮುಂದೆ ಬೇರೆ ಆಪರೇಟರಿಗೆ ಒಯ್ಯಲು ಬಿಡುತ್ತಾರೆ. ಕೊನೆಯದಕ್ಕೆ ‘ಹೌದು’ ಅಂತ ಬಾಯಲ್ಲಿ ಹೇಳಿದರೆ ಸಾಲದು.

ರೆಕಾರ್ಡಿಂಗ್ ಬೇಕಿದ್ದರೆ ಡಿಸ್ಕ್ ಲೆಕ್ಕವೂ ಹಾಕಿ. ಸಾಮಾನ್ಯ ವೇವ್ ಫೈಲಿನಲ್ಲಿ ಒಂದು ಗಂಟೆಯ ಮಾತು ಸುಮಾರು 58 ಎಂಬಿ. ದಿನಕ್ಕೆ 15 ಗಂಟೆ ಮಾತಾದರೆ 25 ಕೆಲಸದ ದಿನಕ್ಕೆ 22 ಜಿಬಿ ಹತ್ತಿರ. ಪಿಬಿಎಕ್ಸಿನ ಒಳಗಿನ ಸಣ್ಣ ಮೆಮರಿ ತುಂಬಿ ಕರೆಗಳೇ ನಿಲ್ಲುವುದುಂಟು, ಹಾಗಾಗಿ ಬೇರೆ ಡಿಸ್ಕಿಗೆ ಹೋಗಲಿ. ಕರೆ ರೆಕಾರ್ಡ್ ಆಗುತ್ತಿದೆ ಅಂತ ಸ್ವಾಗತ ಸಂದೇಶದಲ್ಲೇ ತಿಳಿಸಿ.

ಬದಲಾಯಿಸುವ ಕ್ರಮ ಇದು. ಮೊದಲು ಪಿಬಿಎಕ್ಸ್ ಇಟ್ಟು ತಾತ್ಕಾಲಿಕ ನಂಬರಿನ ಟ್ರಂಕ್ ಪಡೆಯಿರಿ. ಮೂರು ಫೋನ್ ಹಾಕಿ ಎರಡು ವಾರ ಗಡಿಬಿಡಿಯ ಗಂಟೆಯಲ್ಲೇ ಬಳಸಿ. ಈ ನಡುವೆ ಒಮ್ಮೆ ಇಂಟರ್ನೆಟ್ ತಂತಿ ಕಿತ್ತು ನೋಡಿ, ಒಮ್ಮೆ ಕರೆಂಟ್ ಆರಿಸಿ ನೋಡಿ. ಆಮೇಲೆ 22 ಫೋನನ್ನೂ ಹಾಕಿ, ಹಳೇ ಮುಖ್ಯ ನಂಬರನ್ನು ತಾತ್ಕಾಲಿಕ ನಂಬರಿಗೆ ಫಾರ್ವರ್ಡ್ ಮಾಡಿ. ಎಲ್ಲ ಸರಿ ಅನ್ನಿಸಿದ ಮೇಲಷ್ಟೇ ಮುಖ್ಯ ನಂಬರ್ ಪೋರ್ಟ್ ಮಾಡಲು (ಅದೇ ನಂಬರನ್ನು ಹೊಸ ಆಪರೇಟರಿಗೆ ಒಯ್ಯಲು) ಅರ್ಜಿ ಕೊಡಿ. ಅರ್ಜಿಯಲ್ಲಿ ಹೆಸರು, ವಿಳಾಸ ಹಳೇ ಬಿಲ್ಲಿನಲ್ಲಿ ಇರುವಂತೆಯೇ ಇರಲಿ, ಅಕ್ಷರ ವ್ಯತ್ಯಾಸವಾದರೂ ತಿರಸ್ಕರಿಸುತ್ತಾರೆ.

ಪೋರ್ಟ್ ಮುಗಿಯುವ ತನಕ ಹಳೇ ಲೈನನ್ನು ರದ್ದು ಮಾಡಿಸಬೇಡಿ, ರದ್ದಾದ ನಂಬರನ್ನು ಪೋರ್ಟ್ ಮಾಡಲಾಗುವುದಿಲ್ಲ. ನಾಲ್ಕರಲ್ಲಿ ಯಾವ ಲೈನ್ ಅಲಾರಮ್ಮಿಗೆ ಉಳಿಯಬೇಕು ಅಂತ ಈಗಲೇ ಗುರುತು ಹಾಕಿ. ಅದು ಮುಖ್ಯ ನಂಬರಿನ ಹಂಟಿಂಗ್ ಗುಂಪಿನಲ್ಲಿ (ಒಂದು ಲೈನ್ ಎಂಗೇಜ್ ಇದ್ದರೆ ಕರೆ ಮುಂದಿನ ಲೈನಿಗೆ ಹೋಗುವ ಗುಂಪು) ಸೇರಿದ್ದರೆ ಅರ್ಜಿ ಕೊಡುವ ಮೊದಲೇ ಗುಂಪಿನಿಂದ ಬಿಡಿಸಿ, ಇಲ್ಲದಿದ್ದರೆ ಪೋರ್ಟ್ ಆಗುವಾಗ ಗುಂಪಿನ ಜೊತೆ ಅದೂ ನಿಂತುಹೋಗಬಹುದು.